ಶಾಸನವೂ ಅಲ್ಲ, ತೇರೂ ಅಲ್ಲ

ದೊಡ್ಡಪ್ಪನನ್ನು ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದದ್ದು ಕಳೆದ ಚಳಿಗಾಲದಲ್ಲಿ. ಎಂಬತ್ತು ದಾಟಿದ ಜೀವ. ಚಳ್ಳಕೆರೆಯಿಂದ ಅಷ್ಟು ದೂರ ಕೂತು ಬರುತ್ತಾರೋ ಇಲ್ಲವೋ ಎಂಬ ಅಳುಕು ನನಗಿತ್ತು. ಅವರು ಮೀಟರ್‌ಗೇಜ್ ಕಾಲದ ಫೈರ್‌ಮನ್. ಅರಸೀಕೆರೆ, ಚಿಕ್ಕಜಾಜೂರು, ಹರಿಹರದ ದಾರಿಯಲ್ಲಿ ವರ್ಷಗಟ್ಟಲೆ ಕಲ್ಲಿದ್ದಲು ಎತ್ತಿ ಹಾಕಿದವರು. ಅಂಗಳದಲ್ಲಿ ನಿಂತಿದ್ದ ಎಂಜಿನ್ನಿನ ಹತ್ತಿರ ಹೋದವರೇ, ಹಸುವಿನ ಮೈ ಮುಟ್ಟಿ ನೋಡುವ ಹಾಗೆ, ಬಾಯ್ಲರಿನ ಮೇಲೆ ಅಂಗೈ ಇಟ್ಟರು. ಸ್ವಲ್ಪ ಹೊತ್ತು ಹಾಗೇ ನಿಂತರು. ಆಮೇಲೆ, "ತಣ್ಣಗೈತೆ ಕಣಪ್ಪ" ಅಂದರು.

ತಣ್ಣಗಿರದೆ ಇನ್ನೇನು ದೊಡ್ಡಪ್ಪ ಎಂದು ನಾನು ನಕ್ಕೆ. ಅವರು ನಗಲಿಲ್ಲ. ಅವರು ಕೆಲಸದಲ್ಲಿದ್ದ ದಿನಗಳಲ್ಲಿ ಎಂಜಿನ್ ತಣ್ಣಗಿದೆ ಎಂದರೆ ಅದು ರಿಪೇರಿಗೆ ಬಂದಿದೆ, ಇಲ್ಲವೇ ಬಾಯ್ಲರ್ ತೊಳೆಯಲು ನಿಂತಿದೆ ಎಂದರ್ಥ. ಉಳಿದಂತೆ ರಾತ್ರಿ ಶೆಡ್ಡಿನಲ್ಲಿ ನಿಂತಾಗಲೂ ಅದರ ಹೊಟ್ಟೆಯಲ್ಲಿ ಕೆಂಡ ಇರುತ್ತಿತ್ತು. ಆರಿದ ಬಾಯ್ಲರನ್ನು ಮತ್ತೆ ಕಾಯಿಸಿ ಉಗಿ ಏರಿಸಲು ತಾಸುಗಟ್ಟಲೆ ಬೇಕು. ಆತುರಪಟ್ಟು ಕಾಯಿಸಿದರೆ ಲೋಹ ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಹಿಗ್ಗದೆ ಕೀಲುಗಳು ಸಡಿಲಾಗುತ್ತವೆ. ಹಾಗಾಗಿ 'ತಣ್ಣಗೈತೆ' ಎಂಬುದು ಅವರ ಬಾಯಲ್ಲಿ ಹಳಹಳಿಕೆಯ ಮಾತಲ್ಲ. ನಾಡಿ ಹಿಡಿದವರ ಮಾತು. ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಕೆದಕುತ್ತಿದೆ: ಉಗಿ ಎಂಜಿನ್ನನ್ನು 'ಉಳಿಸಿದ್ದೇವೆ' ಎಂದು ಹೇಳುವಾಗ ನಾವು ಉಳಿಸಿದ್ದು ಏನನ್ನು?

ಮೈಸೂರಿನ ಸಂಗ್ರಹಾಲಯಕ್ಕೆ ಸಲ್ಲಬೇಕಾದ ಮಾತನ್ನು ಮೊದಲು ಹೇಳಿಬಿಡುತ್ತೇನೆ. ಅದು ಶುರುವಾದದ್ದು 1979ರಲ್ಲಿ, ದೆಹಲಿಯ ರಾಷ್ಟ್ರೀಯ ಸಂಗ್ರಹಾಲಯ ಆರಂಭವಾದ ಎರಡು ವರ್ಷಕ್ಕೆ. ಆಗಿನ್ನೂ ದೇಶದ ಹಳಿಗಳ ಮೇಲೆ ಉಗಿ ಎಂಜಿನ್ನುಗಳು ನಿತ್ಯ ಓಡುತ್ತಿದ್ದವು. ಅವು ಚರಿತ್ರೆಯಾಗುತ್ತವೆ ಎಂದು ಎಣಿಸಿದವರು ಕಡಿಮೆ. ಅಂಥ ಹೊತ್ತಿನಲ್ಲಿ ಯಾರೋ ದೂರ ನೋಡಿದ್ದರಿಂದ 1899ರ ಮಹಾರಾಣಿಯವರ ಸಲೂನ್ ಗಾಡಿ ಅದರ ಅಡುಗೆಮನೆ, ಊಟದ ಕೋಣೆಗಳ ಸಮೇತ ಇವತ್ತಿಗೂ ಇದೆ. ಮುಂದೆ ನಾಲ್ಕು, ನಡುವೆ ಆರು, ಹಿಂದೆ ಎರಡು ಚಕ್ರದ 506ನೆಯ ಇ.ಎಸ್. ಎಂಜಿನ್ ಇದೆ. ಹಳಿಯ ಮೇಲೆ ಓಡುವ ಆಸ್ಟಿನ್ ಕಾರು ಇದೆ. ಇಲ್ಲವಾದರೆ ಇವೆಲ್ಲ ಗುಜರಿಗೆ ಹೋಗಿ ಕರಗುತ್ತಿದ್ದವು. ನಮ್ಮ ಮಕ್ಕಳು ಚಕ್ರದ ಎತ್ತರಕ್ಕೆ ತಮ್ಮ ಎತ್ತರ ಹೋಲಿಸಿ ನೋಡುವ ಭಾಗ್ಯ ಅವರಿಗೆ ಸಿಕ್ಕಿರುವುದು ಅದರಿಂದ. ಆದ್ದರಿಂದ ನನ್ನ ತಕರಾರು ಒಂದು ಸಂಸ್ಥೆಯ ಮೇಲಲ್ಲ. 'ಉಳಿಸುವುದು' ಎಂಬ ಪದವನ್ನು ನಾವೆಲ್ಲ ಯೋಚಿಸದೆ ಬಳಸುತ್ತಿರುವುದರ ಮೇಲೆ.

ಈ ಪದದ ಎರಡು ಅರ್ಥಗಳನ್ನು ನಾನು ಕಲಿತದ್ದು ನಮ್ಮ ಎರಡು ತಾಲ್ಲೂಕುಗಳಲ್ಲೇ.

ಒಂದು ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ. ನಾನು ಮೊಳಕಾಲ್ಮುರಿನಲ್ಲಿ ಪಾಠ ಹೇಳುತ್ತಿದ್ದಾಗ ವರ್ಷಕ್ಕೊಮ್ಮೆಯಾದರೂ ಹುಡುಗರನ್ನು ಅಶೋಕನ ಶಾಸನದ ಬಂಡೆಯ ಹತ್ತಿರ ಕರೆದುಕೊಂಡು ಹೋಗುತ್ತಿದ್ದೆ. 1892ರಲ್ಲಿ ಬಿ.ಎಲ್. ರೈಸ್ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಶಾಸನಗಳನ್ನು ಲೋಕಕ್ಕೆ ತಿಳಿಸಿದರು. ಅಲ್ಲಿಯ ಅಕ್ಷರಗಳು ಸವೆದಿವೆ, ಬಂಡೆ ಬಿರುಕು ಬಿಟ್ಟಿದೆ. ಆದರೆ ಸವೆದ ಅಕ್ಷರವನ್ನು ಉಳಿ ಹಿಡಿದು ಮತ್ತೆ ಕೆತ್ತಿ 'ಸರಿ ಮಾಡಿದೆವು' ಎಂದರೆ ಅದು ಅಪರಾಧ. ಮಳೆ ಬಿಸಿಲು ತಾಗದಂತೆ ನೋಡಿಕೊಳ್ಳಬೇಕು, ಕೈ ಹಾಕಬಾರದು. ಶಾಸನ ಉಳಿಯುವುದು ನಾವು ಮುಟ್ಟದೆ ಇರುವುದರಿಂದ. ಅದರ ಗಾಯವೂ ಅದರ ಪಾಠದ ಭಾಗ.

ಇನ್ನೊಂದು ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ. ಫಾಲ್ಗುಣದ ಬಿಸಿಲಲ್ಲಿ ತಿಪ್ಪೇರುದ್ರಸ್ವಾಮಿಯ ತೇರು ಹೊರಡುವಾಗ, ಕೊಬ್ಬರಿ ಸುಡುವ ಹೊಗೆಯ ನಡುವೆ ನಿಂತು ನೋಡಿದವರಿಗೆ ಗೊತ್ತು, ತೇರು ನೋಡುವ ವಸ್ತುವಲ್ಲ, ಎಳೆಯುವ ವಸ್ತು. ತೇರಿನ ಗಾಲಿ ಸವೆದರೆ ಹೊಸ ಗಾಲಿ ಮಾಡಿಸುತ್ತಾರೆ. ಅಚ್ಚು ಹೋದರೆ ಅಚ್ಚು ಬದಲಾಯಿಸುತ್ತಾರೆ. ತೊಲೆ ಹುಳ ತಿಂದರೆ ತೊಲೆ ತೆಗೆಯುತ್ತಾರೆ. ಎಷ್ಟು ಬದಲಾದರೂ ಅದು ಅದೇ ತೇರು. ಯಾಕೆಂದರೆ ಅದನ್ನು ಮಾಡುವ ಬಡಗಿ ಇದ್ದಾನೆ, ಗಾಲಿಗೆ ಸನ್ನೆ ಕೊಡುವವನು ಇದ್ದಾನೆ, ಹಗ್ಗ ಹಿಡಿಯುವ ಊರಿದೆ. ಎಳೆಯುವುದನ್ನು ನಿಲ್ಲಿಸಿ ಗಾಜಿನ ಕೋಣೆಯಲ್ಲಿ ಇಟ್ಟ ದಿನ ಮರ ಉಳಿದೀತು, ತೇರು ಉಳಿಯುವುದಿಲ್ಲ.

ಉಗಿ ಎಂಜಿನ್ ಇವೆರಡರಲ್ಲಿ ಯಾವುದು?

ದೊಡ್ಡಪ್ಪನನ್ನು ಕೇಳಿದರೆ ಉತ್ತರದಲ್ಲಿ ಅನುಮಾನವೇ ಇಲ್ಲ. ಅವರ ಪ್ರಕಾರ 'ಮೂಲ ಎಂಜಿನ್' ಎಂಬುದೇ ದೊಡ್ಡ ಸುಳ್ಳು. ವರ್ಕ್‌ಶಾಪಿಗೆ ಹೋದ ಎಂಜಿನ್ ತನ್ನದೇ ಬಾಯ್ಲರಿನೊಂದಿಗೆ ಹಿಂತಿರುಗುತ್ತದೆ ಎಂಬ ಖಾತ್ರಿ ಇರಲಿಲ್ಲ. ಬಾಯ್ಲರ್ ರಿಪೇರಿ ನಿಧಾನದ ಕೆಲಸ. ಅಷ್ಟು ದಿನ ಎಂಜಿನ್ ಕಾಯುವ ಬದಲು ಅದೇ ಜಾತಿಯ ಇನ್ನೊಂದು ಎಂಜಿನ್ನಿನ ರಿಪೇರಿಯಾದ ಬಾಯ್ಲರನ್ನು ಕೂರಿಸಿ ಕಳಿಸುತ್ತಿದ್ದರು. ಸ್ವಾತಂತ್ರ್ಯಾನಂತರ ಬಂದ ವೈಪಿ, ವೈಜಿ ಮಾದರಿಗಳಂತೂ ಹೀಗೆ ಅದಲುಬದಲಿಗೆ ಒಗ್ಗುವಂತೆ ಒಂದೇ ಅಳತೆಯಲ್ಲಿ ಮಾಡಿದಂಥವು. ಬೆಂಕಿಯ ಬಿಸಿಗಾಳಿ ಹಾಯುವ ಕೊಳವೆಗಳು ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತಿದ್ದವು. ಚಕ್ರದ ಹೊರಸುತ್ತಿನ ಉಕ್ಕಿನ ಪಟ್ಟಿ ಸವೆದರೆ ಅದನ್ನು ಬಿಚ್ಚಿ, ಹೊಸದನ್ನು ಕಾಯಿಸಿ, ಹಿಗ್ಗಿದಾಗ ಕೂರಿಸಿ ಆರಲು ಬಿಡುತ್ತಿದ್ದರು. ನಮ್ಮೂರ ಕಮ್ಮಾರ ಬೆರಣಿಯ ಬೆಂಕಿಯಲ್ಲಿ ಕಬ್ಬಿಣದ ಪಟ್ಟಿ ಕಾಯಿಸಿ ಎತ್ತಿನಗಾಡಿಯ ಗಾಲಿಗೆ ಹೊಡೆದು ನೀರು ಹಾಕುತ್ತಿದ್ದನಲ್ಲ, ಅದೇ ವಿದ್ಯೆ. ಅಂದರೆ ಓಡುತ್ತಿದ್ದ ದಿನಗಳಲ್ಲೇ ಎಂಜಿನ್ ತೇರಿನ ಧರ್ಮವನ್ನು ಪಾಲಿಸುತ್ತಿತ್ತು.

ಈಗ ಊರೂರಿನ ಸ್ಟೇಷನ್ನುಗಳ ಮುಂದೆ, ಕಚೇರಿಗಳ ಮುಂದೆ ಕಟ್ಟೆ ಕಟ್ಟಿ ನಿಲ್ಲಿಸಿರುವ ಎಂಜಿನ್ನುಗಳನ್ನು ನೋಡಿ. ಮೈಸೂರಿನಿಂದ ಮರಳುವ ದಾರಿಯಲ್ಲಿ ಅಂಥದೊಂದರ ಮುಂದೆ ಇಳಿದೆವು. ಊರಿನ ಹೆಸರು ಬೇಡ. ದೊಡ್ಡಪ್ಪ ಕೋಲು ಊರಿಕೊಂಡು ಅದನ್ನು ಒಂದು ಸುತ್ತು ಹಾಕಿದರು. ಮೈಮೇಲೆ ಕಪ್ಪು ಪೇಂಟು, ಚಕ್ರದ ಅಂಚಿಗೆ ಬಿಳಿ, ಮೂತಿಗೆ ಕೆಂಪು. ತುಕ್ಕಿನ ಮೇಲೇ ಪೇಂಟು, ಆ ಪೇಂಟಿನ ಮೇಲೆ ಮತ್ತೆ ಪೇಂಟು. ಅಲ್ಲಲ್ಲಿ ಕೊರೆದಿದ್ದ ಸಂಖ್ಯೆಗಳು ಅದರೊಳಗೆ ಹೂತುಹೋಗಿದ್ದವು. ಹಿತ್ತಾಳೆಯ ಭಾಗಗಳು ಇರಲಿಲ್ಲ. ಕೆಲಸದ ಕೋಣೆಯಲ್ಲಿ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯ ಜಾಗ ಬರಿದು. ಬೆಂಕಿಗೂಡಿನ ಬಾಗಿಲಿಗೆ ಬೆಸುಗೆ. ಕೆಳಗೆ ಬಗ್ಗಿ ನೋಡಿ, "ನೀರು ಇಳಿಯೋ ನಲ್ಲೀನೂ ಮುಚ್ಚವ್ರೆ. ಮಳೆ ನೀರು ಒಳಗೆ ಹೋದ್ರೆ ಹೊರಗೆ ಬರಂಗಿಲ್ಲ. ಒಳಗಿಂದ ತಿಂತಾ ಐತೆ" ಅಂದರು.

ನನಗೆ ಹೊಳೆದದ್ದು ಆಗ. ಈ ಎಂಜಿನ್ ಶಾಸನದ ಶಿಸ್ತನ್ನೂ ಪಾಲಿಸಿಲ್ಲ, ತೇರಿನ ಶಿಸ್ತನ್ನೂ ಪಾಲಿಸಿಲ್ಲ. ಶಾಸನವೆಂದು ಭಾವಿಸಿದ್ದರೆ ಅದರ ಮೇಲಿನ ಗುರುತು, ತೇಪೆ, ಸವೆತ ಎಲ್ಲವನ್ನೂ ಹಾಗೇ ಬಿಟ್ಟು, ಮೇಲೊಂದು ಸೂರು ಹಾಕಿ, ಒಳಗೆ ನೀರು ನಿಲ್ಲದಂತೆ ನೋಡಿಕೊಳ್ಳಬೇಕಿತ್ತು. ಇಲ್ಲಿ ಪ್ರತಿ ಸಲವೂ ಪೇಂಟಿನ ಡಬ್ಬ ಅದರ ಅಕ್ಷರಗಳನ್ನು ಅಳಿಸುತ್ತದೆ. ತೇರೆಂದು ಭಾವಿಸಿದ್ದರೆ ಅದು ಚಲಿಸಬೇಕಿತ್ತು, ಕನಿಷ್ಠ ಅದರ ಕೀಲಿಗೆ ಎಣ್ಣೆ ಬೀಳಬೇಕಿತ್ತು. ಎರಡೂ ಅಲ್ಲದೆ ಅದು ಅಲಂಕಾರವಾಗಿದೆ. ಉಳಿಸುವ ಹೆಸರಿನಲ್ಲಿ ನಾವು ಮಾಡುವ ಬಹಳಷ್ಟು ಕೆಲಸಕ್ಕೆ ಈ ಮಾತು ಹೊಂದುತ್ತದೆ ಎಂದು ನನ್ನ ಅನುಮಾನ.

ಹಾಗಾದರೆ ಮತ್ತೆ ಓಡಿಸುವುದು ಸಾಧ್ಯವೇ? ಸಾಧ್ಯವಾಗಿದೆ. 1855ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ತಯಾರಾದ ಫೇರಿ ಕ್ವೀನ್ ದಶಕಗಟ್ಟಲೆ ಸುಮ್ಮನೆ ನಿಂತಿತ್ತು. ಅದನ್ನು ಚೆನ್ನೈನ ಪೆರಂಬೂರು ವರ್ಕ್‌ಶಾಪಿನವರು ಬಿಚ್ಚಿ, ಸರಿಪಡಿಸಿ, 1997ರಲ್ಲಿ ದೆಹಲಿಯಿಂದ ಆಲ್ವಾರ್‌ಗೆ ಪ್ರವಾಸಿಗರನ್ನು ಕೂರಿಸಿಕೊಂಡು ಓಡುವಂತೆ ಮಾಡಿದರು. ಹರಿಯಾಣದ ರೇವಾಡಿಯಲ್ಲಿ 1893ರ ಹಳೆಯ ಶೆಡ್ಡನ್ನೇ ಉಳಿಸಿಕೊಂಡು ಕೆಲವು ಎಂಜಿನ್ನುಗಳನ್ನು ಉಗಿ ಏರಿಸುವ ಸ್ಥಿತಿಯಲ್ಲಿ ಇಟ್ಟಿದ್ದಾರೆ. ನಮಗೆ ಇನ್ನೂ ಹತ್ತಿರದ ಮತ್ತು ಇನ್ನೂ ದಿಟ್ಟವಾದ ಉದಾಹರಣೆ ನೀಲಗಿರಿಯದು. ಮೇಟ್ಟುಪಾಳ್ಯದಿಂದ ಕೂನೂರಿನವರೆಗೆ ಹಲ್ಲುಹಳಿ ಹಿಡಿದು ಏರುವ ಆ ರೈಲಿಗೆ 2005ರಲ್ಲಿ ಯುನೆಸ್ಕೋ ಮಾನ್ಯತೆ ಸಿಕ್ಕಿತು. ಸ್ವಿಟ್ಜರ್ಲೆಂಡಿನಿಂದ ಬಂದ ಅದರ ಎಂಜಿನ್ನುಗಳು ಮುಪ್ಪಾದಾಗ ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ವರ್ಕ್‌ಶಾಪಿನಲ್ಲಿ ಅದೇ ಮಾದರಿಯ ಹೊಸ ಉಗಿ ಎಂಜಿನ್ನುಗಳನ್ನೇ ಮಾಡಿದರು. ಈ ಕಾಲದಲ್ಲಿ ಹೊಸ ಉಗಿ ಎಂಜಿನ್! ಸಂಪ್ರದಾಯಸ್ಥ ಸಂಗ್ರಾಹಕರು ಇದನ್ನು ನಕಲು ಎನ್ನಬಹುದು. ತೇರು ಎಳೆದವರು ಹಾಗೆನ್ನುವುದಿಲ್ಲ. ಅಲ್ಲಿ ಉಳಿದದ್ದು ಕಬ್ಬಿಣವಲ್ಲ, ಕಬ್ಬಿಣವನ್ನು ಎಂಜಿನ್ ಮಾಡುವ ಕೈ.

ಇದಕ್ಕೆ ಎದುರು ಮಾತುಗಳಿವೆ, ಹಗುರ ಮಾತುಗಳಲ್ಲ. ಮೊದಲನೆಯದು ಅಪಾಯ. ಬಾಯ್ಲರ್ ಎಂದರೆ ಒತ್ತಡ ತುಂಬಿದ ಪಾತ್ರೆ. ವೈಪಿ ಎಂಜಿನ್ನಿನಲ್ಲಿ ಆ ಒತ್ತಡ ಚದರ ಅಂಗುಲಕ್ಕೆ 210 ಪೌಂಡ್. ಬೆಂಕಿಗೂಡಿನ ಸೂರಿನ ಮೇಲೆ ಸದಾ ನೀರು ನಿಂತಿರಬೇಕು. ನೀರು ಇಳಿದು ಆ ತಗಡು ಬರಿದಾದರೆ ಕೆಂಪಗೆ ಕಾದು ಮೆತ್ತಗಾಗಿ ಕುಸಿಯುತ್ತದೆ. ಅದಕ್ಕೆಂದೇ ಸೂರಿನಲ್ಲಿ ಸೀಸ ತುಂಬಿದ ಬಿರಡೆ ಇಟ್ಟಿರುತ್ತಾರೆ. ಅತಿಯಾಗಿ ಕಾದಾಗ ಸೀಸ ಮೊದಲು ಕರಗಿ, ಉಗಿ ಬೆಂಕಿಯ ಮೇಲೆ ನುಗ್ಗಿ ಎಚ್ಚರಿಸುತ್ತದೆ. "ಅದು ಕರಗಿದ್ರೆ ಫೈರ್‌ಮನ್ ಮಾನ ಹೋದಂಗೆ" ಎನ್ನುತ್ತಾರೆ ದೊಡ್ಡಪ್ಪ. ಹಳೆಯ ಬಾಯ್ಲರನ್ನು ಮತ್ತೆ ಕಾಯಿಸುವ ಮುನ್ನ ಕೊಳವೆಗಳನ್ನೆಲ್ಲ ಕಿತ್ತು, ತಗಡಿನ ದಪ್ಪ ಅಳೆದು, ತಣ್ಣೀರು ತುಂಬಿ ಕೆಲಸದ ಒತ್ತಡಕ್ಕಿಂತ ಹೆಚ್ಚಿನ ಒತ್ತಡ ಹಾಕಿ ಪರೀಕ್ಷಿಸಬೇಕು. ಹಳೆಯ ಎಂಜಿನ್ನುಗಳ ಬಾಯ್ಲರಿಗೆ ಹೊದಿಸಿದ್ದ ಕಲ್ನಾರು ಶ್ವಾಸಕೋಶಕ್ಕೆ ವಿಷ. ಅದನ್ನು ತೆಗೆಯುವುದೇ ಒಂದು ಕೆಲಸ.

ಎರಡನೆಯದು ನೀರು. ಚಳ್ಳಕೆರೆಯವರಿಗೆ ಇದನ್ನು ವಿವರಿಸಬೇಕಿಲ್ಲ. ನಮ್ಮ ಬೋರ್‌ವೆಲ್ ನೀರು ಕಾಯಿಸಿದ ಹಂಡೆಯ ತಳದಲ್ಲಿ, ಗೀಸರಿನ ಕಾಯಿಲ್ ಮೇಲೆ ಕೂರುವ ಬಿಳಿ ಪದರವೇ ಬಾಯ್ಲರಿನ ಕೊಳವೆಗಳ ಮೇಲೂ ಕೂರುತ್ತದೆ. ಪದರ ದಪ್ಪವಾದಷ್ಟೂ ಬಿಸಿ ನೀರಿಗೆ ದಾಟುವುದಿಲ್ಲ, ಲೋಹವೇ ಸುಡುತ್ತದೆ. ಅದಕ್ಕೇ ಆಗಾಗ ಬೆಂಕಿ ಆರಿಸಿ ಬಾಯ್ಲರ್ ತೊಳೆಯುತ್ತಿದ್ದದ್ದು. ಮೂರನೆಯದು ಹಣ ಮತ್ತು ಹೊಗೆ. ನಾಲ್ಕನೆಯದು ತಾತ್ವಿಕವಾದದ್ದು: ಓಡಿಸಿದರೆ ಸವೆಯುತ್ತದೆ. ಲೋಕದಲ್ಲಿ ಒಂದೇ ಒಂದು ಉಳಿದಿರುವ ಎಂಜಿನ್ನನ್ನು ಸವೆಸುವುದು ಶಾಸನದ ಮೇಲೆ ಉಳಿ ಇಟ್ಟ ಹಾಗೆ.

ಈ ಮಾತುಗಳನ್ನು ನಾನು ಒಪ್ಪುತ್ತೇನೆ. ಎಲ್ಲ ಎಂಜಿನ್ನೂ ಓಡಬೇಕಿಲ್ಲ. ಅಪರೂಪದ್ದು ಶಾಸನದಂತೆ ಇರಲಿ. ಆಗ ಅದಕ್ಕೆ ಸೂರು ಬೇಕು, ಪೇಂಟಿನಿಂದ ಬಿಡುಗಡೆ ಬೇಕು, ಏನು ಮೂಲ, ಏನು ತೇಪೆ ಎಂಬ ದಾಖಲೆ ಬೇಕು. ನೂರಾರು ಸಂಖ್ಯೆಯಲ್ಲಿ ತಯಾರಾದ ಮಾದರಿಗಳಲ್ಲಿ ಕರ್ನಾಟಕಕ್ಕೊಂದಾದರೂ ತೇರಿನಂತೆ ಇರಲಿ. ವೈಪಿ ಎಂಜಿನ್ನುಗಳೇ ಎಂಟುನೂರಕ್ಕೂ ಹೆಚ್ಚು ತಯಾರಾದವು, ಬಹುಪಾಲು ಜಮ್ಷೆಡ್‌ಪುರದಲ್ಲಿ. ಅದರಲ್ಲೊಂದು ವರ್ಷಕ್ಕೆ ನಾಲ್ಕು ದಿನ ಹತ್ತು ಮೈಲಿ ಓಡಿದರೂ ಸಾಕು. ಅದಕ್ಕಾಗಿ ವರ್ಷವಿಡೀ ಒಂದಿಷ್ಟು ಹುಡುಗರು ಕೆಲಸ ಕಲಿಯಬೇಕಾಗುತ್ತದೆಯಲ್ಲ, ಲಾಭ ಅದು.

ಯಾಕೆ ಆತುರ ಎಂದರೆ ಲೆಕ್ಕ ಸರಳವಾಗಿದೆ. ಚಿತ್ತರಂಜನ್ ಕಾರ್ಖಾನೆ ಉಗಿ ಎಂಜಿನ್ ತಯಾರಿಕೆ ನಿಲ್ಲಿಸಿದ್ದು 1972ರಲ್ಲಿ. ಆ ವರ್ಷ ಇಪ್ಪತ್ತರ ವಯಸ್ಸಿಗೆ ಶೆಡ್ಡಿನಲ್ಲಿ ಕ್ಲೀನರ್ ಆಗಿ ಸೇರಿ, ಫೈರ್‌ಮನ್ನಾಗಿ, ಶಂಟರ್ ಆಗಿ ಮೇಲೇರಿದವರಿಗೆ ಈಗ ಎಪ್ಪತ್ತು ಮೀರಿದೆ. ಕಬ್ಬಿಣ ಇನ್ನೂ ನೂರು ವರ್ಷ ಕಾಯಬಲ್ಲದು. ಇವರು ಕಾಯಲಾರರು. ಮೊಳಕಾಲ್ಮುರು ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಾಗ ನನ್ನ ಶಿಷ್ಯನೊಬ್ಬ, ನೇಕಾರರ ಮನೆಯವನು, "ಸೀರೆ ಹೆಸರು ಉಳೀತು ಸಾರ್, ನಾನು ಮಗ್ಗಕ್ಕೆ ಕೂರಲ್ಲ" ಎಂದಿದ್ದ. ಹೆಸರಿಗೆ ಕಾನೂನಿನ ಕಾವಲು ಇದೆ. ಕೈಗೆ ಇಲ್ಲ.

ಇಲ್ಲಿ ನಮ್ಮ ಬರಹಗಾರರ ಪಾಲೂ ಇದೆ, ನನ್ನನ್ನೂ ಸೇರಿಸಿ. ರೈಲಿನ ಬಗ್ಗೆ ಕನ್ನಡದಲ್ಲಿ ನಾವು ಬರೆಯುವ ಪ್ರಬಂಧಗಳು ಹೆಚ್ಚಾಗಿ ಕಿಟಕಿ ಪಕ್ಕದ ಸೀಟಿನಿಂದ ಬರೆದವು. ಅಜ್ಜಿಯ ಊರು, ಬೇಸಿಗೆ ರಜೆ, ಕಣ್ಣಿಗೆ ಬಿದ್ದ ಕಿಡಿ, ಚುಕುಬುಕು ಸದ್ದು. ನಾನೂ ಅಂಥದೊಂದನ್ನು ಬರೆದಿದ್ದೇನೆ. ದೊಡ್ಡಪ್ಪನಿಗೆ ಓದಿ ಹೇಳಿದಾಗ ಅವರು 'ಚುಕುಬುಕು' ಎಂಬಲ್ಲಿ ತಡೆದರು. ಚಕ್ರ ಒಂದು ಸುತ್ತು ತಿರುಗಿದರೆ ಎರಡು ಸಿಲಿಂಡರಿನಿಂದ ನಾಲ್ಕು ಸಲ ಉಗಿ ಹೊರಗೆ ಬರುತ್ತದೆ, ನಾಲ್ಕು ಪೆಟ್ಟು. ನಾಲ್ಕೂ ಸಮ ಇರಬೇಕು. ಒಂದು ಪೆಟ್ಟು ಮಂದವಾದರೆ ವಾಲ್ವಿನಲ್ಲಿ ಏನೋ ಹೆಚ್ಚುಕಮ್ಮಿಯಾಗಿದೆ. "ನೀನು ಎರಡು ಕೇಳಿದ್ದೀಯ, ನಾವು ನಾಲ್ಕು ಕೇಳ್ತಿದ್ವಿ" ಅಂದರು. ಇದಕ್ಕಿಂತ ಚೆನ್ನಾದ ವಿಮರ್ಶೆ ನನ್ನ ಬರಹಕ್ಕೆ ಇನ್ನೂ ಬಂದಿಲ್ಲ.

ಕತೆ ಇದ್ದರೆ ವಸ್ತು ಉಳಿಯುತ್ತದೆ ಎಂಬುದಕ್ಕೆ ಶಿವಮೊಗ್ಗ ಜಿಲ್ಲೆಯ ಅರಸಾಳು ಸಾಕ್ಷಿ. ಶಂಕರ್‌ನಾಗ್ ಅಲ್ಲಿ 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದ್ದರು. ಆ ನೆನಪಿಗೆ ಹಳೆಯ ನಿಲ್ದಾಣದ ಕಟ್ಟಡವನ್ನು ದುರಸ್ತಿ ಮಾಡಿ 2020ರಲ್ಲಿ ಮಾಲ್ಗುಡಿ ಸಂಗ್ರಹಾಲಯ ಮಾಡಿದರು. ಇಲ್ಲದ ಊರಿನ ಕತೆಯೊಂದು ಇರುವ ಊರಿನ ಕಟ್ಟಡವನ್ನು ಕಾಪಾಡಿತು. ನನಗೆ ಅದರ ಬಗ್ಗೆ ಸಂತೋಷವೇ. ಆದರೆ ಚಿಕ್ಕಜಾಜೂರಿನ ಕಟ್ಟೆಯ ಮೇಲೆ ಡ್ಯೂಟಿಗೆ ಕಾಯುತ್ತ ಬುತ್ತಿ ಬಿಚ್ಚಿದವರ ಕತೆಯನ್ನು ಯಾರೂ ಬರೆದಿಲ್ಲ. ಬರೆದಿದ್ದರೆ ಆ ಎಂಜಿನ್ನಿನ ಬೆಂಕಿಗೂಡಿಗೆ ಬೆಸುಗೆ ಹಾಕುವ ಮುನ್ನ ಒಬ್ಬರಾದರೂ ಅನುಮಾನಿಸುತ್ತಿದ್ದರೇನೋ.

ಬ್ರಹ್ಮಗಿರಿಯ ಶಾಸನದ ಕೊನೆಯಲ್ಲಿ ಒಂದು ವಿಶೇಷವಿದೆ. ಅದನ್ನು ಬರೆದವನು ತನ್ನ ಹೆಸರನ್ನು ಕಾಣಿಸಿದ್ದಾನೆ: ಚಪಡ. ಉಳಿದೆಲ್ಲ ಬ್ರಾಹ್ಮಿಯಲ್ಲಿದ್ದರೆ, ತಾನು ಲಿಪಿಕಾರ ಎಂಬುದನ್ನು ಮಾತ್ರ ಖರೋಷ್ಠಿಯಲ್ಲಿ, ದೂರದ ವಾಯವ್ಯದ ಲಿಪಿಯಲ್ಲಿ ಬರೆದಿದ್ದಾನೆ. ಚಕ್ರವರ್ತಿಯ ಆಜ್ಞೆಯ ಕೆಳಗೆ ಕೆಲಸ ಮಾಡಿದವನ ಹೆಸರು ಎರಡು ಸಾವಿರ ವರ್ಷ ದಾಟಿ ಉಳಿದಿದೆ. ನಾನು ನೋಡಿದ ಕಟ್ಟೆಯ ಮೇಲಿನ ಎಂಜಿನ್ನುಗಳ ಫಲಕಗಳು ತಯಾರಿಸಿದ ಕಂಪನಿ, ವರ್ಷ, ತೂಕ, ಉದ್ಘಾಟಿಸಿದವರ ಹೆಸರು ಇಷ್ಟನ್ನು ಹೇಳುತ್ತವೆ. ಓಡಿಸಿದವರ ಒಂದು ಹೆಸರೂ ಇಲ್ಲ. ಅಶೋಕನ ಕಾಲದ ಮರ್ಯಾದೆ ನಮಗೆ ಸಾಧ್ಯವಾಗಿಲ್ಲ.

ಊರಿಗೆ ಮರಳಿದ ಮೇಲೆ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದಿದ್ದೇನೆ. ಸಂಜೆ ಹೊತ್ತು ದೊಡ್ಡಪ್ಪ ಹೇಳುತ್ತಾರೆ, ನಾನು ಬರೆಯುತ್ತೇನೆ. ಬೆಂಕಿ ಹೇಗೆ ಹಾಸಬೇಕು: ಬದಿಗಳಲ್ಲಿ, ಮೂಲೆಗಳಲ್ಲಿ ದಪ್ಪ, ನಡುವೆ ತೆಳು. ಬಾಗಿಲು ಬಹಳ ಹೊತ್ತು ತೆರೆದಿಟ್ಟರೆ ತಣ್ಣನೆ ಗಾಳಿ ನುಗ್ಗಿ ಉಗಿ ಇಳಿಯುತ್ತದೆ. ಏರು ಬರುವ ಮುನ್ನವೇ ಬೆಂಕಿ ತಯಾರಿರಬೇಕು, ಏರು ಬಂದ ಮೇಲೆ ಅಲ್ಲ. ಹೊಗೆಯ ಬಣ್ಣ ನೋಡಿ ಒಳಗಿನ ಬೆಂಕಿ ತಿಳಿಯಬೇಕು. ಇಲ್ಲಿಯವರೆಗೆ ಮೂವತ್ತೊಂದು ಪುಟ ಆಗಿದೆ. ಅವರ ಜೊತೆ ಕೆಲಸ ಮಾಡಿದವರ ಹೆಸರುಗಳಿಗೆ ಕೊನೆಯ ಪುಟಗಳನ್ನು ಬಿಟ್ಟಿದ್ದೇನೆ. ಒಂದೊಂದೇ ನೆನಪಾಗುತ್ತಿವೆ.

ನಿಮ್ಮ ಮನೆಯಲ್ಲೂ ಹೀಗೆ ಯಾರಾದರೂ ಇರಬಹುದು. ಶೆಡ್ಡಿನಲ್ಲಿ, ವರ್ಕ್‌ಶಾಪಿನಲ್ಲಿ, ಸಿಗ್ನಲ್ ಕ್ಯಾಬಿನ್ನಿನಲ್ಲಿ ದುಡಿದವರು. ಒಂದು ನೋಟ್‌ಬುಕ್ ತಂದಿಟ್ಟುಕೊಳ್ಳಿ. ಮುಂದೆ ಎಂದಾದರೂ ಯಾರಾದರೂ ಒಂದು ಎಂಜಿನ್ನಿನ ಬೆಸುಗೆ ಬಿಚ್ಚಿ ಬೆಂಕಿ ಇಡಲು ಹೊರಟರೆ, ಮೊದಲ ಸಲಿಕೆಯನ್ನು ಯಾವ ಮೂಲೆಗೆ ಹಾಕಬೇಕೆಂದು ಅವರಿಗೆ ಗೊತ್ತಿರಬೇಕು.